ಅವ್ವ ಸೋಫಾ ಏರಿದ್ದು

ಗೋಣಿಚೀಲ ಎತ್ತಿದ್ದೇ ತಡ, ತಂಬಾಕಿನ ವಾಸನೆ ಮೂಗಿಗೆ ಬಂತು. ಹಿತ್ತಲ ಖೋಲಿಯಲ್ಲಿ ತಂಬಾಕು ಇಟ್ಟವರು ಯಾರೂ ಇಲ್ಲ. ಈಗ ನಮ್ಮ ಮನೆಯಲ್ಲಿ ತಿನ್ನುವವರೂ ಇಲ್ಲ. ಚೀಲದ ಕೆಳಗೆ ಒಂದು ಅಗಲವಾದ ಸಾಗವಾನಿ ಕುರ್ಚಿ ಇತ್ತು. ಕುರ್ಚಿ ಅನ್ನಬೇಕೋ ಮಂಚದ ಮರಿ ಅನ್ನಬೇಕೋ, ನೋಡಿದವರು ಒಮ್ಮೆ ತಡವರಿಸುತ್ತಾರೆ. ಬಲಗೈ ಇಡುವ ಪಟ್ಟಿಯ ತುದಿ ಮಾತ್ರ ಕರ್ರಗೆ, ಎಣ್ಣೆ ಕುಡಿದ ಹಾಗೆ ಹೊಳೆಯುತ್ತಿತ್ತು. ವಾಸನೆ ಅಲ್ಲಿಂದಲೇ. ಅವ್ವ ಅಂಗೈಯಲ್ಲಿ ತಂಬಾಕು ತಿಕ್ಕಿ, ಬಾಯಿಗೆ ಹಾಕಿಕೊಂಡು, ಹೆಬ್ಬೆರಳನ್ನು ಅಲ್ಲಿ ಒರೆಸುತ್ತಿದ್ದಳು.

ಸೊಸೆ ಅಶ್ವಿನಿ ಕೈಯಲ್ಲಿ ನೋಟ್‌ಬುಕ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಆಕೆಗೆ ಈಗ ಏಳು ತಿಂಗಳು. ಕೂತು ಬರೆದುಕೋ ಅಂದರೆ ಕೇಳುವವಳಲ್ಲ. ಗುಜರಿಗೆ ಹೋಗುವುದು, ಯಾರಿಗಾದರೂ ಕೊಡುವುದು, ಮನೆಯಲ್ಲಿ ಉಳಿಯುವುದು ಎಂದು ಮೂರು ಭಾಗ ಮಾಡಿಕೊಂಡಿದ್ದಳು. ಮೂರನೆಯದು ಬಹುಮಟ್ಟಿಗೆ ಖಾಲಿಯಿತ್ತು. "ಮಾವಾರ, ಇದು ಗುಜರಿಗೇನ್ರಿ?" ಎಂದು ಕೇಳಿದಳು. ನಾನು ಬಾಯಿ ತೆರೆಯುವುದರೊಳಗೆ ಅಡಿಗೆಮನೆಯಿಂದ ನನ್ನ ಹೆಂಡತಿ ಮಾದೇವಿಯ ದನಿ ಬಂತು. "ಅದೊಂದು ಬಿಟ್ಟು ಏನರ ಬರಕೋ."

ಮನೆಗೆ ಹೊಸ ಸೋಫಾ ಬರಬೇಕು, ಅದಕ್ಕೆ ಜಾಗ ಆಗಬೇಕು, ಅದಕ್ಕಾಗಿ ಹಳೆಯದು ಹೋಗಬೇಕು. ಇದು ಸೊಸೆಯ ಲೆಕ್ಕಾಚಾರ, ತಪ್ಪೇನಿಲ್ಲ. ನೀವೂ ಇಂಥ ಕೆಲಸಕ್ಕೆ ಕೈ ಹಾಕುವವರಿದ್ದರೆ ನನ್ನದೊಂದು ಸಲಹೆ ಇರಲಿ: ಸಾಮಾನು ಕೊಂಡವನ ಕೈಗೆ ಯಾದಿ ಕೊಡಬೇಡಿ. ಅವನಿಗೆ ಮುರುಕು ಸ್ಟೂಲಿನಲ್ಲೂ ತಾನು ಗೆದ್ದ ಚೌಕಾಶಿಯೇ ಕಾಣುತ್ತದೆ. ಬೆಳಗಿನಿಂದ ನಾನು ಮೂರು ತುಕ್ಕುಹಿಡಿದ ಟ್ರಂಕು ಮತ್ತು ಕಾಲಿಲ್ಲದ ಒಂದು ಮೇಜನ್ನು ಉಳಿಸಿಕೊಳ್ಳಲು ವಾದಿಸಿ ಸೋತಿದ್ದೆ.

ಚೌಕಾಶಿಯ ವಿಷಯದಲ್ಲಿ ನಾನು ಸ್ವಲ್ಪ ದೊಡ್ಡ ಮಾತಾಡಿದರೆ ಸಹಿಸಿಕೊಳ್ಳಿ, ಅದರಲ್ಲೇ ಬದುಕಿದವನು. ಸೈಕಲ್ಲಿಗೆ ಎರಡೂ ಕಡೆ ಬುಟ್ಟಿ ಕಟ್ಟಿ ಬೋರಗಾಂವ, ಬೇಡಕಿಹಾಳದ ಓಣಿಗಳಲ್ಲಿ ಸ್ಟೀಲಿನ ಪಾತ್ರೆ ಮಾರುತ್ತಿದ್ದೆ. ವಿದ್ಯೆ ಕಲಿಸಿದವರು ಬೇಡಕಿಹಾಳದ ಹೆಂಗಸರು. ತಂಬಿಗೆಯನ್ನು ತಲೆಕೆಳಗೆ ಮಾಡಿ ಬೆರಳಿನಿಂದ ಬಾರಿಸಿ, ಕಿವಿಗೊಟ್ಟು ಕೇಳಿ, ಏನೂ ಹೇಳದೆ ಕೆಳಗಿಟ್ಟು ಒಳಗೆ ಹೋಗಿಬಿಡುತ್ತಿದ್ದರು. ಆ ಮೌನಕ್ಕೆ ಬೆದರಿ ನಾನೇ ದರ ಇಳಿಸುತ್ತಿದ್ದೆ. ಮುಂದೆ ಚಿಕ್ಕೋಡಿಯಲ್ಲಿ ಅಂಗಡಿ ಹಾಕಿ, ಮನೆ ಕಟ್ಟಿ, ಅದೇ ಮೌನವನ್ನು ನಾನು ಬೇರೆಯವರ ಮೇಲೆ ಹೂಡಿದೆ. ಆಸನ ಕೊಳ್ಳುವಾಗಲಂತೂ ಒಂದು ನಿಯಮವನ್ನು ನಾನೆಂದೂ ಮುರಿದವನಲ್ಲ: ದರ ಮುರಿಯುವ ತನಕ ಮನೆಯವರನ್ನು ಅದರ ಮೇಲೆ ಕೂಡಿಸಬಾರದು. ನೀವೊಬ್ಬರೇ ಕೂತು, ಏಳುವಾಗ ಸೊಂಟ ತಿಕ್ಕಿಕೊಳ್ಳಬೇಕು. ಹೆಂಡತಿ ಮಕ್ಕಳು ಒಮ್ಮೆ ಆರಾಮಾಗಿ ಕೂತರೆಂದರೆ ಅಂಗಡಿಯವನು ಗೆದ್ದ.

ಎಂಬತ್ತರ ದಶಕದ ನಡುವೆ ನಮ್ಮ ಪಡಸಾಲೆಯಲ್ಲಿ ಕುರ್ಚಿ ಅಂತ ಇದ್ದದ್ದು ಒಂದೇ, ಮಡಚುವ ಕಬ್ಬಿಣದ ಕುರ್ಚಿ, ಅದೂ ಬಂದವರಿಗೆ. ಉಳಿದವರಿಗೆ ಚಾಪೆ, ಕಂಬಳಿ. ಬಾಗಿಲಿಗೆ ಎದುರಾಗಿ ಕಂಬಕ್ಕೆ ಬೆನ್ನು ಕೊಟ್ಟ ಚಾಪೆ ಅವ್ವನದು. ಪಕ್ಕದಲ್ಲಿ ಎಲೆಯಡಿಕೆ ಸಂಚಿ. ಅಲ್ಲಿ ಕೂತರೆ ಓಣಿಯೂ ಕಾಣುತ್ತಿತ್ತು, ಅಡಿಗೆಮನೆಯ ಹೊಸ್ತಿಲೂ ಕಾಣುತ್ತಿತ್ತು. ಆ ಹೊಸ್ತಿಲ ಹತ್ತಿರ ನೆಲದ ಮೇಲೆ ಮಾದೇವಿ ಕೂತು ಕಾಳು ಹಸನು ಮಾಡುತ್ತಿದ್ದಳು. ಅತ್ತೆ ಸೊಸೆ ಮಾತು ಕಡಿಮೆ; ಜಗಳವೂ ಇರಲಿಲ್ಲ.

ಒಂದು ದಿನ ಮಾದೇವಿ ಹಿತ್ತಲಲ್ಲಿ ನೀರು ತರುವಾಗ ಪಾಚಿಗಟ್ಟಿದ ಒಗೆಯುವ ಕಲ್ಲಿನ ಮೇಲೆ ಜಾರಿ ಬಿದ್ದಳು. ಬಲ ಮೊಣಕಾಲು. ನಮ್ಮ ಕಡೆಯವರು ಎಲುಬಿನ ಕೆಲಸಕ್ಕೆ ಮಿರಜಿಗೆ ಹೋಗುವುದು ವಾಡಿಕೆ, ನಾವೂ ಹೋದೆವು. ಒಂದೂವರೆ ತಿಂಗಳ ಪ್ಲಾಸ್ಟರು. ಅದನ್ನು ಬಿಚ್ಚಿದ ದಿನ ಡಾಕ್ಟರು ಮರಾಠಿಯಲ್ಲಿ ನಿಧಾನಕ್ಕೆ ಬಿಡಿಸಿ ಹೇಳಿದರು: ಇನ್ನು ಒಂದು ವರ್ಷ ನೆಲಕ್ಕೆ ಕೂಡಬಾರದು. ಕುರ್ಚಿಯ ಮೇಲೆ ಕೂತು ಕಾಲು ಇಳಿಬಿಡಬೇಕು, ದಿನಾ ಸ್ವಲ್ಪ ಸ್ವಲ್ಪ ಆಡಿಸಬೇಕು. ನೆಲಕ್ಕೆ ಕೂತು ಊರಿ ಏಳುವುದು ನಡೆದರೆ ಈ ಕಾಲು ಸರಿಯಾಗುವುದಿಲ್ಲ, ಜನ್ಮಪೂರ್ತಿ ಕೋಲು ಹಿಡಿಯಬೇಕಾಗುತ್ತದೆ. ಆಕೆಗೆ ಆಗ ಮೂವತ್ತು ತುಂಬಿರಲಿಲ್ಲ.

ಕುರ್ಚಿಯೇ ತಾನೆ ಬೇಕಾದದ್ದು, ಅದು ನನ್ನ ಕೆಲಸ ಅಂದುಕೊಂಡೆ.

ಮೊದಲು ಮಡಚುವ ಕುರ್ಚಿಯನ್ನೇ ಹೊಸ್ತಿಲ ಹತ್ತಿರ ಹಾಕಿಕೊಟ್ಟೆ. ಮಧ್ಯಾಹ್ನ ಊಟಕ್ಕೆ ಬಂದಾಗ ಮಾದೇವಿ ಅದರ ಪಕ್ಕದಲ್ಲಿ, ನೆಲದ ಮೇಲೆ, ಕಾಲು ಚಾಚಿ ಕೂತಿದ್ದಳು. "ತಣ್ಣಗ ಹತ್ತತೈತ್ರಿ ಕಬ್ಬಿಣ" ಅಂದಳು. ಮಾತು ಸರಿಯೆನಿಸಿತು. ಅದೇ ವಾರ ನಿಪ್ಪಾಣಿಯಲ್ಲಿ ಒಬ್ಬ ತಂಬಾಕು ವ್ಯಾಪಾರಿ ಬಂಗಲೆಯ ಹಳೆಯ ಸಾಮಾನು ತೆಗೆಯುತ್ತಿದ್ದಾನೆಂದು ಸುದ್ದಿ ಸಿಕ್ಕಿತು. ಅಲ್ಲಿ ಹೋಗಿ ಒಂದು ಬೆತ್ತದ ಕುರ್ಚಿಯಲ್ಲಿ ಕೂತೆ, ಎದ್ದೆ, ಸೊಂಟ ತಿಕ್ಕಿಕೊಂಡೆ, ಏನೂ ಹೇಳದೆ ಗೇಟಿನ ತನಕ ನಡೆದೆ. ಅವನೇ ಕರೆದ. ಬಸ್ಸಿನ ಮೇಲೆ ಹಾಕಿಸಿಕೊಂಡು ಚಿಕ್ಕೋಡಿಗೆ ಬರುವಾಗ ದಾರಿಯುದ್ದಕ್ಕೂ ನನ್ನ ಮುಖದಲ್ಲಿ ನಗು. ಮಾದೇವಿ ಅದನ್ನು ಸವರಿ ನೋಡಿ ಚೆಂದ ಐತ್ರಿ ಅಂದಳು. ಮರುದಿನ ನೆಲದ ಮೇಲೆ. ಬೆತ್ತ ಚುಚ್ಚುತ್ತದಂತೆ. ಗಾದಿ ಹೊಲಿಸಿ ಹಾಕಿದೆ. ಈಗ ಎತ್ತರವಾಯಿತಂತೆ.

ನಾನು ಸೋಲುವವನೇ? ಅಳತೆ ಕೊಟ್ಟು ಮಾಡಿಸಿದರೆ ಈ ತಂಟೆಯೇ ಇರುವುದಿಲ್ಲವೆಂದು ಬಡಿಗೇರ ಕಲ್ಲಪ್ಪನನ್ನು ಕರೆಸಿದೆ. ಮೂವರು ಕೂಡುವ ಒಂದು ಸೋಫಾ, ಒಬ್ಬೊಬ್ಬರದು ಎರಡು. ಮೇಲೆ ಕಂದು ಬಣ್ಣದ ರೆಕ್ಸಿನ್. ಎತ್ತರ, ಆಳ, ಬೆನ್ನಿನ ಓರೆ ಎಲ್ಲವನ್ನೂ ನಾನೇ ನಿಂತು ಹೇಳಿದೆ. ಅಳತೆ ಯಾರದೆಂದು ನೀವು ಕೇಳಿದರೆ, ನನ್ನದೇ. ನನ್ನ ಕಾಲು, ನನ್ನ ಬೆನ್ನು. ಅದಕ್ಕೆ ಜಾಗ ಮಾಡಲು ಮಲಗುವ ಹೊರಸು ಹೋಯಿತು, ಕಾಳಿನ ಕಣಜ ಹಿತ್ತಲಿಗೆ ಹೋಯಿತು, ಕಂಬಳಿಗಳು ಮೇಲಟ್ಟಕ್ಕೆ ಏರಿದವು. ಅವ್ವನ ಚಾಪೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅವಳು ಕಂಬಕ್ಕೆ ಒರಗಿ ಎಲ್ಲ ನೋಡುತ್ತಿದ್ದಳು. ಕೊನೆಗೆ, "ಮಿರಜ್ ದವಾಖಾನಿ ಭಾಳ ಸೇರಿದಂಗ ಕಾಣತೈತಿ ನಿನಗ. ಮನೀನ್ನೂ ಹಂಗs ಮಾಡೀದಿ" ಅಂದಳು.

ಬಂದವರೆಲ್ಲ ಸೋಫಾ ಹೊಗಳಿದರು. ಮಾದೇವಿ ಅದರ ಮೇಲೆ ಒಗೆದು ಒಣಗಿದ ಬಟ್ಟೆ ಮಡಚಿ ಇಡುತ್ತಿದ್ದಳು.

ಒಮ್ಮೆ ಅವ್ವ ಓಣಿಯ ಹೆಂಗಸರ ಜೊತೆ ಕೊಕಟನೂರ ಎಲ್ಲಮ್ಮನ ದರ್ಶನಕ್ಕೆ ಹೋದಳು, ಎರಡು ದಿನ. ಆ ಎರಡೂ ದಿನ ನಾನು ಊಟಕ್ಕೆ ಬಂದಾಗ ಮಾದೇವಿ ಸೋಫಾದ ಮೇಲೆ ಕೂತು, ಕಾಲು ಇಳಿಬಿಟ್ಟು, ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಹೆಂಗೈತಿ ಅಂದರೆ ಆರಾಮ ಐತ್ರಿ ಅಂದಳು. ನನ್ನ ಎದೆ ಉಬ್ಬಿತು. ಪೇಟೆಯಲ್ಲಿ ನಾಲ್ಕು ಮಂದಿಗೆ ಹೇಳಿದೆ, ಆಸನದ ಎತ್ತರ ಹದಿನಾರು ಇಂಚು ಇರಬೇಕು, ಒಂದು ನೂಲು ಹೆಚ್ಚಿಲ್ಲ, ಕಡಿಮೆಯಿಲ್ಲ. ಮೂರನೆಯ ದಿನ ಅವ್ವ ಭಂಡಾರ ಹಚ್ಚಿಕೊಂಡು ತಿರುಗಿ ಬಂದಳು. ನಾಲ್ಕನೆಯ ದಿನ ಮಾದೇವಿ ನೆಲದ ಮೇಲೆ. ರೆಕ್ಸಿನ್‌ಗೆ ಮೈ ಬೆವರುತ್ತದಂತೆ. ನಾನು ಅರಿವೆಯ ಗವಸು ಹೊಲಿಸಲು ಹೋದೆ.

ಗಿರಾಕಿಯ ಮುಖ ನೋಡಿ ಅವನ ಕಿಸೆ ಓದುತ್ತೇನೆಂದು ಬೀಗುತ್ತಿದ್ದ ಮನುಷ್ಯ ನಾನು. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಎರಡು ತಿಂಗಳ ಮೇಲೆ ಮಿರಜಿನಲ್ಲಿ ಡಾಕ್ಟರು ಮೊಣಕಾಲು ಒತ್ತಿ, ಮಡಚಿ, ತಲೆ ಅಲ್ಲಾಡಿಸಿದರು. ಆಗಬೇಕಾದಷ್ಟು ಆಗಿಲ್ಲ, ಬಾವೂ ಇಳಿದಿಲ್ಲ, ಕುರ್ಚಿ ಮೇಲೆ ಕೂಡುತ್ತೀರಲ್ಲ ಎಂದು ಕೇಳಿದರು. ಮಾದೇವಿ ಹೌದೆಂದು ತಲೆ ಆಡಿಸಿದಳು. ಸೋಫಾ ಮಾಡಿಸಿದ್ದೇನೆ ಎಂದು ನಾನು ಮುಂದೆ ಬಂದು ಹೇಳಿದೆ, ಸೋಫಾನೇ ಆಕೆಯ ಬದಲು ಕೂಡುತ್ತದೆ ಅನ್ನುವ ಹಾಗೆ. ಇನ್ನು ಮೂರು ತಿಂಗಳು ಕೈಯಲ್ಲಿವೆ, ಆಮೇಲೆ ಬಂದರೆ ನಾನೇನೂ ಮಾಡಲಾರೆ ಅಂದರು ಡಾಕ್ಟರು. ಬಸ್ಸಿನಲ್ಲಿ ಆಕೆ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಬಸ್ಸಿನ ಸೀಟಿನ ಮೇಲೆ ಆರಾಮಾಗಿ ಕಾಲು ಇಳಿಬಿಟ್ಟು ಕೂತಿದ್ದಾಳಲ್ಲ ಎಂದು ನನಗೆ ಹೊಳೆಯಲೇ ಇಲ್ಲ.

ಮನೆಗೆ ಬಂದವನೇ ಮತ್ತೆ ಕಲ್ಲಪ್ಪನನ್ನು ಕರೆಸಿದೆ. ಸೋಫಾದ ಕಾಲು ಆಗಲೇ ಎರಡು ಸಲ ಕೊಯ್ಸಿದ್ದೆ. ಒಂದು ಸಲ ಎತ್ತರವೆಂದು, ಇನ್ನೊಂದು ಸಲ ಮತ್ತೂ ಎತ್ತರವೆಂದು. ಇದು ಮೂರನೆಯ ಸಲ. ಕಲ್ಲಪ್ಪ ಮಾತಿನ ಮನುಷ್ಯನಲ್ಲ. ಗರಗಸವನ್ನು ಪಕ್ಕಕ್ಕಿಟ್ಟು, ಒಳಗೆ ಯಾರಿಗೂ ಕೇಳದ ಹಾಗೆ, ಮೆಲ್ಲಗೆ ಅಂದ:

"ಸಾವಕಾರ್ರ, ನೀವು ಇದರ ಕಾಲು ಎಷ್ಟರ ಕೊಯ್ಸ್ರಿ, ನಿಮ್ಮ ಅವ್ವಾರ ಚಾಪಿಗಿಂತ ಇದು ಮ್ಯಾಲs ಇರತೈತ್ರಿ."

ನಾನು ಕಂಬದ ಕಡೆ ನೋಡಿದೆ. ಅವ್ವ ಚಾಪೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದಳು. ಹೊಸ್ತಿಲ ಕಡೆ ನೋಡಿದೆ. ಅತ್ತೆ ನೆಲಕ್ಕೆ ಕೂತಿರುವಾಗ ಸೊಸೆ ಮೇಲೆ ಕೂಡುವುದು ಹೇಗೆ? ನನ್ನ ಅವ್ವ ತನ್ನ ಅತ್ತೆಯ ಎದುರು ಕೂಡಲಿಲ್ಲ. ಮಾದೇವಿಯ ತಾಯಿಯೂ ಕೂಡಲಿಲ್ಲ. ನಾನು ಹುಟ್ಟಿದಾಗಿನಿಂದ ಕಂಡದ್ದೇ ಅದು. ಕಣ್ಣೆದುರೇ ಇದ್ದದ್ದು, ಆದರೂ ನಾನು ಇಂಚುಪಟ್ಟಿ ಹಿಡಿದು ಕುರ್ಚಿಯ ಕಾಲು ಅಳೆಯುತ್ತಿದ್ದೆ.

ತಿಳಿದ ಮೇಲೆ ಸುಲಭವೆಂದುಕೊಂಡೆ. ಅವ್ವನ ಹತ್ತಿರ ಹೋಗಿ, ಅವಳಿಗೆ ಮ್ಯಾಲೆ ಕುಂಡ್ರಲಿಕ್ಕೆ ಅಪ್ಪಣೆ ಕೊಡು ಅಂದೆ. ಅವ್ವನಿಗೆ ಸಿಟ್ಟು ಬಂತು. "ನಾ ಎಂದ ಬ್ಯಾಡ ಅಂದೀನಿ? ಕುಂಡ್ರಾಕ ಹೇಳು, ಬೇಕಾರ ತಲಿ ಮ್ಯಾಲ ಕುಂಡ್ರಲಿ." ಅದನ್ನೇ ಹೋಗಿ ಮಾದೇವಿಗೆ ಹೇಳಿದೆ. "ಅವರು ಬ್ಯಾಡ ಅಂದಿಲ್ರಿ" ಅಂದಳು ಆಕೆ. "ನನಗs ಆಗೂದಿಲ್ಲ." ಒಬ್ಬರು ತಡೆದಿಲ್ಲ, ಇನ್ನೊಬ್ಬರು ಏರುವುದಿಲ್ಲ. ಇಂಥ ಕಡೆ ಚೌಕಾಶಿ ಯಾರ ಜೊತೆ ಮಾಡುವುದು ಹೇಳಿ. ಹಾಗಾದರೆ ಅವ್ವಾ, ನೀನೇ ಸೋಫಾದ ಮೇಲೆ ಕುಂಡ್ರು ಅಂದು ನೋಡಿದೆ. ಅವ್ವ ನನ್ನನ್ನು ಕಾಲಿನಿಂದ ತಲೆಯ ತನಕ ನೋಡಿ, "ಕಾಲು ಜೋತಬಿಟ್ಟು ಕುಂಡ್ರಾಕ ನಾ ಏನ ಅಥಣಿ ಬಸ್ಸಿನ್ಯಾಗ ಕುಂತೀನೇನ್ಲೇ?" ಅಂದಳು. ಅಲ್ಲಿಗೆ ಮಾತು ಮುಗಿಯಿತು. ಅರವತ್ತು ವರ್ಷ ನೆಲದ ಮೇಲೆ ಕೂತ ಮೈ. ಅದಕ್ಕೆ ಮೆತ್ತನೆಯದು ಅಂದರೆ ಕುಸಿಯುವ ಹೆದರಿಕೆ, ಎತ್ತರ ಅಂದರೆ ಬೀಳುವ ಹೆದರಿಕೆ.

ಹತ್ತು ದಿನ ಹೀಗೇ ಹೋಯಿತು. ಒಂದು ಮಧ್ಯಾಹ್ನ ಊಟಕ್ಕೆ ಬಂದವನು ಬಾಗಿಲಲ್ಲೇ ನಿಂತೆ. ಕಂಬದ ಹತ್ತಿರ ಚಾಪೆ ಸುತ್ತಿ ನಿಲ್ಲಿಸಿತ್ತು. ಅವ್ವ ಸೋಫಾದ ಮೇಲಿದ್ದಳು. ಎರಡೂ ಕಾಲು ಮೇಲೆತ್ತಿ ಚಕ್ಕಳಮಕ್ಕಳ ಹಾಕಲು ನೋಡಿದ್ದಳು, ಜಾಗ ಸಾಲದೆ ಒಂದು ಮೊಣಕಾಲು ಹೊರಗೆ ಚಾಚಿಕೊಂಡಿತ್ತು. ಎರಡೂ ಕೈಯಿಂದ ಸೋಫಾದ ತೋಳು ಹಿಡಿದಿದ್ದಳು, ತಗ್ಗುದಿಣ್ಣೆಯ ದಾರಿಯಲ್ಲಿ ಟೆಂಪೋ ಏರಿದವರು ಹಿಡಿದ ಹಾಗೆ. ಮುಖ ಗಂಟು. ಎದುರಿನ ಬೆತ್ತದ ಕುರ್ಚಿಯಲ್ಲಿ ಮಾದೇವಿ. ಕಾಲು ಇಳಿಬಿಟ್ಟು, ತಲೆ ಬಗ್ಗಿಸಿ ಅವರೆಕಾಯಿ ಬಿಡಿಸುತ್ತಿದ್ದಳು. ಕಣ್ಣು ಕೆಂಪಗಿದ್ದವು.

ನಡೆದದ್ದನ್ನು ಮಾದೇವಿ ಆಮೇಲೆ ಹೇಳಿದಳು. ನೆಲದಿಂದ ಏಳುವಾಗ ಮೊಣಕಾಲು ಕಳಕ್ಕೆಂದು ಹಿಡಿದುಕೊಂಡಿತ್ತು. ಕೂಗಿರಲಿಲ್ಲ, ಬಾಗಿಲ ಚೌಕಟ್ಟು ಹಿಡಿದು ಅರ್ಧಕ್ಕೇ ನಿಂತಿದ್ದಳು, ಏಳಲೂ ಆಗದೆ ಕೂಡಲೂ ಆಗದೆ. ಅವ್ವ ನೋಡಿದಳು. ಎದ್ದು ಬಂದು ತೋಳು ಹಿಡಿದು ಆಕೆಯನ್ನು ಎತ್ತಿ ನಿಲ್ಲಿಸಿದಳು. ಆಮೇಲೆ ತಿರುಗಿ ಹೋಗಿ ಚಾಪೆ ಸುತ್ತಿದಳು, ಸಂಚಿ ಎತ್ತಿಕೊಂಡಳು, ಸೀರೆ ಸಾವರಿಸಿಕೊಂಡು ಸೋಫಾ ಏರಿದಳು. ಏರಿ, ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದುಕೊಂಡು, ಸೊಸೆಯ ಕಡೆ ನೋಡದೆ ಅಂದಳಂತೆ: "ಈಗರ ಕುಂಡ್ರು."

ಮಾದೇವಿ ಕೂತಳು.

ಅಂದಿನಿಂದ ಅವ್ವ ದಿನಾ ಬೆಳಿಗ್ಗೆ ಸೋಫಾ ಏರುತ್ತಿದ್ದಳು, ಕೆಲಸಕ್ಕೆ ಹೋದವರ ಹಾಗೆ. ಊಟಕ್ಕೆ ಇಳಿಯುವಳು, ಮತ್ತೆ ಏರುವಳು. ಅದು ಅವಳಿಗೆ ಒಗ್ಗಲಿಲ್ಲ. ಸಂಜೆಗೆ ಪಾದ ಊದಿಕೊಳ್ಳುತ್ತಿದ್ದವು. ರೆಕ್ಸಿನ್ ಜಾರುತ್ತಿತ್ತು. ಆರಾಮ ಆಸನದ ಬಗ್ಗೆ ಊರಿಗೆಲ್ಲ ಬುದ್ಧಿ ಹೇಳುವ ನನ್ನ ಮನೆಯಲ್ಲಿ, ಒಬ್ಬರ ಕಾಲು ಸರಿಹೋಗಲೆಂದು ಇನ್ನೊಬ್ಬರು ದಿನವಿಡೀ ಸಂಕಟಪಟ್ಟು ಕೂಡುತ್ತಿದ್ದರು.

ಕಲ್ಲಪ್ಪನನ್ನು ಮತ್ತೆ ಕರೆಸಿದೆ. ಈ ಸಲ ಅಳತೆ ನಾನು ಹೇಳಲಿಲ್ಲ. ಅವನು ಅವ್ವನಿಗೆ, ನಿಮ್ಮ ಚಾಪಿ ಮ್ಯಾಲ ನೀವು ಹೆಂಗ ಕೂಡತೀರಿ ಹಂಗ ಕೂಡ್ರಿ ಅಂದ. ಅವ್ವ ಕೂತಳು. ಕಲ್ಲಪ್ಪ ಬಗ್ಗಿ ಅವಳ ಮೊಣಕಾಲುಗಳ ಸುತ್ತ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದ. ಅವ್ವ ಎದ್ದು ನಿಂತು ಆ ಗೆರೆಯನ್ನು ನೋಡಿ ನಕ್ಕಳು. "ಇಷ್ಟs ಇದೀನೇನು ನಾ?" ಅಂದಳು. ಆ ಗೆರೆಯೇ ಆಸನವಾಯಿತು. ಮೂರು ಕಡೆ ಗಿಡ್ಡ ಕಟಾಂಜನ, ಹತ್ತಿಯ ಗಟ್ಟಿ ಗಾದಿ, ಏರಲು ಮುಂದೊಂದು ಮೆಟ್ಟಿಲು. ಎತ್ತರ ಉಳಿದ ಕುರ್ಚಿಗಳಿಗಿಂತ ಎರಡು ಬೆರಳು ಹೆಚ್ಚಿರಲಿ ಎಂದು ಕಲ್ಲಪ್ಪನೇ ಹೇಳಿದ. ಯಾಕೆಂದು ಈ ಸಲ ನಾನು ಕೇಳಲಿಲ್ಲ. ದರದ ಮಾತನ್ನೂ ಅವ್ವನೇ ಆಡಿದಳು. ನನ್ನನ್ನು ಒಳಗೆ ಕಳಿಸಿದಳು. ಕಲ್ಲಪ್ಪ ಹೋಗುವಾಗ, ನಿಮಗಿಂತ ಅವ್ವಾರು ಗಟ್ಟಿ ಅದಾರ್ರಿ ಅಂದ.

ಮೂರು ತಿಂಗಳಿಗೆ ಬಾವು ಇಳಿಯಿತು. ವರ್ಷ ತುಂಬುವ ಹೊತ್ತಿಗೆ ಮಾದೇವಿ ಕೊಡ ಹೊರುವಂತಾದಳು. ಮಿರಜಿನ ಡಾಕ್ಟರು ಇನ್ನು ಬರಬೇಕಿಲ್ಲ ಅಂದ ದಿನ ಸಂಜೆ ಮನೆಗೆ ಬಂದು ಸುದ್ದಿ ಹೇಳಿದೆವು. ಅವ್ವ ಆಸನದ ಮೇಲಿಂದಲೇ ಸೊಸೆಗೆ ಪಡಸಾಲೆಯ ಈ ತುದಿಯಿಂದ ಆ ತುದಿಗೆ ನಡೆದು ತೋರಿಸಲು ಹೇಳಿದಳು. ನಡೆದದ್ದನ್ನು ಕಣ್ಣಿಟ್ಟು ನೋಡಿದಳು. ಆಮೇಲೆ ಸಂಚಿಗೆ ಕೈ ಹಾಕುತ್ತ ಕೇಳಿದಳು: "ಹಂಗಾರ ಇನ್ನ ಇಳೀಲೇನಬೇ?"

ಮಾದೇವಿ ಬೇಡ ಅಂದಳು. ಹಂಗs ಕುಂಡ್ರ್ರಿ ಅತ್ತಿ, ಮನೀಗೆ ಚೆಂದ ಕಾಣತೀರಿ ಅಂದಳು. ಅವ್ವ ಇಳಿಯಲಿಲ್ಲ. ತೊಂಬತ್ತರ ದಶಕದಲ್ಲಿ ತೀರಿಕೊಳ್ಳುವ ತನಕ ಅದೇ ಆಸನದಿಂದ ಓಣಿಯನ್ನೂ ಅಡಿಗೆಮನೆಯನ್ನೂ ನೋಡಿಕೊಂಡಳು. ಸೋಫಾ ಮಾತ್ರ ನಾಲ್ಕೇ ವರ್ಷಕ್ಕೆ ಸವೆದು ಹೋಯಿತು. ಆಮೇಲೆ ಬಂದವು ಎಷ್ಟೋ, ಹೋದವು ಎಷ್ಟೋ. ಮಾದೇವಿ, ಅತ್ತೆ ಹೋದ ಮೇಲೆ, ಯಾರೂ ಹೇಳದೆ ಮತ್ತೆ ನೆಲಕ್ಕೆ ಇಳಿದಳು. ಕಾಲು ಗಟ್ಟಿಯಾಗಿದೆ, ಅಭ್ಯಾಸ ಹಳೆಯದು, ನಾನೂ ಹೆಚ್ಚು ಕೇಳಲಿಲ್ಲ. ಅವ್ವನ ಆಸನ ಹಿತ್ತಲ ಖೋಲಿ ಸೇರಿತು, ಮೇಲೆ ಗೋಣಿಚೀಲ ಬಿದ್ದವು.

ಅದನ್ನು ತೊಳೆದು ಒರೆಸಿ ಪಡಸಾಲೆಗೆ ತಂದಿಟ್ಟ ಮರುದಿನ ನಾವು ಮೂವರೂ ನಿಪ್ಪಾಣಿಗೆ ಹೋದೆವು. ಹೆದ್ದಾರಿಯ ಬದಿಗೆ ಈಗ ದೊಡ್ಡ ದೊಡ್ಡ ಅಂಗಡಿಗಳಾಗಿವೆ. ಒಳಗೆ ಹೋಗುವ ಮುಂಚೆಯೇ ಇಬ್ಬರಿಗೂ ತಾಕೀತು ಮಾಡಿದೆ, ದರ ಮುರಿಯುವ ತನಕ ಯಾರೂ ಕುಂಡ್ರಬ್ಯಾಡ್ರಿ ಎಂದು. ನಾನೊಬ್ಬನೇ ಹತ್ತಾರು ಸೋಫಾಗಳಲ್ಲಿ ಕೂತು ಎದ್ದೆ. ನಿಮಗೂ ಹೇಳುತ್ತೇನೆ, ಅಂಗೈಯಿಂದ ಒತ್ತಿ ನೋಡಬೇಡಿ, ಕೂತು ನೂರು ಎಣಿಸಿ. ಕೈ ಆಸರೆಯಿಲ್ಲದೆ ಏಳಲು ಬಂದರೆ ಮಾತ್ರ ಅದು ಮನೆಗೆ ತರುವಂಥದ್ದು. ಅಂಥದೊಂದು ಸಿಕ್ಕಿತು. ಸೊಂಟ ತಿಕ್ಕಿಕೊಂಡು ಮುಖ ಸಿಂಡರಿಸಿದೆ. ಅಂಗಡಿಯವನೂ ಪಳಗಿದವನು. ಅವನೊಂದು ಹೇಳಿದ, ನಾನೊಂದು ಹೇಳಿದೆ. ಹೀಗೇ ಮುಕ್ಕಾಲು ಗಂಟೆ.

ಅಶ್ವಿನಿ ಒಂದು ಕಪಾಟಿಗೆ ಒರಗಿ ನಿಂತಿದ್ದಳು. ಒಮ್ಮೆ ಈ ಕಾಲಿನ ಮೇಲೆ ಭಾರ, ಒಮ್ಮೆ ಆ ಕಾಲಿನ ಮೇಲೆ. ಅಂಗಡಿಯ ಹುಡುಗಿ ಕುಂಡ್ರಲು ಹೇಳಿದಳು. "ಇರಲ್ರಿ, ಅತ್ತಿ ನಿಂತಾರ" ಅಂದಳು ಅಶ್ವಿನಿ. ಅದನ್ನು ಹೇಳಿದ್ದು ಎಷ್ಟು ಸಹಜವಾಗಿ ಅಂದರೆ, ಮಾತಿನ ಭರದಲ್ಲಿ ಕಿವಿಗೆ ಬಿದ್ದರೂ ನಾನು ಗಮನಿಸಲೇ ಇಲ್ಲ. ಗಮನಿಸಿದ್ದು ಮಾದೇವಿ. ಆಕೆ ಸೊಸೆಯ ಪಾದಗಳನ್ನು ನೋಡಿದಳು. ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತಿತ್ತು. ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಸೀರೆ ಸಾವರಿಸಿಕೊಂಡು, ನಾನು ಅಷ್ಟು ಹೊತ್ತು ಹಳಿಯುತ್ತಿದ್ದ ಅದೇ ಸೋಫಾ ಏರಿ, ಕಾಲು ಮಡಚಿ, ಎರಡೂ ಕೈಯಿಂದ ಅದರ ತೋಳು ಹಿಡಿದು ಕೂತಳು.

"ಈಗರ ಕುಂಡ್ರು" ಅಂದಳು.

ಅಶ್ವಿನಿ ಪಕ್ಕದಲ್ಲಿ ಕೂತು, ಬೆನ್ನು ಹಿಂದಕ್ಕೆ ಒರಗಿಸಿ, ಕಣ್ಣು ಮುಚ್ಚಿ ದೀರ್ಘವಾಗಿ ಉಸಿರು ಬಿಟ್ಟಳು. ಅಂಗಡಿಯವನು ಅವರಿಬ್ಬರನ್ನು ನೋಡಿದ, ನನ್ನನ್ನು ನೋಡಿದ, ವಾದ ನಿಲ್ಲಿಸಿ ಕೈಕಟ್ಟಿ ನಿಂತ. ಬೇಡಕಿಹಾಳದ ಹೆಂಗಸರ ಮೌನ ಅವನಿಗೂ ಗೊತ್ತಿತ್ತು. ಏಳ್ರಿ ಹೋಗೂಣು ಅಂದು ನಾನು ಬಾಗಿಲ ತನಕ ನಡೆದಿದ್ದರೆ ಅವನು ಖಂಡಿತ ಕರೆಯುತ್ತಿದ್ದ. ಇಷ್ಟು ವರ್ಷದ ಅನುಭವ ನನ್ನದು, ಅದರಲ್ಲಿ ಅನುಮಾನವಿಲ್ಲ.

ಎಬ್ಬಿಸಲಿಲ್ಲ. ಅವನು ಹೇಳಿದ ದರಕ್ಕೇ ಹೂಂ ಅಂದು, ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದೆ. ಆಮೇಲೆ ನಾನೂ ಒಂದು ಸ್ಟೂಲು ಎಳೆದುಕೊಂಡು, ಅವರಿಗಿಂತ ತುಸು ಕೆಳಗೇ, ಕೂತೆ.